ಸಹಿ ಮಾಡಿಟ್ಟ ಹಾಳೆಗಳು

ಜೂನ್ 9, ಸೋಮವಾರ

ಬೆಳಿಗ್ಗೆ ಕ್ಲಿನಿಕ್ಕಿನ ಬೀಗ ತೆಗೆಯುತ್ತಿದ್ದಾಗಲೇ ಪೋಸ್ಟಿನವರು ಲಕೋಟೆ ಕೊಟ್ಟು ಹೋದರು. ಜಿಲ್ಲಾ ಕಚೇರಿಯ ಪತ್ರ. ಮಾತು ಮತ್ತು ಶ್ರವಣದ ಚಿಕಿತ್ಸೆ ಕೊಡುವವರೆಲ್ಲ ತಮ್ಮ ನೋಂದಣಿ ಪತ್ರವನ್ನು ಗೋಡೆಗೆ ಹಾಕಿರಬೇಕಂತೆ. ಯಾವ ರೋಗಿಯನ್ನು ಯಾರು ನೋಡಿದರು ಎಂಬುದಕ್ಕೆ ರಿಜಿಸ್ಟರ್ ಇರಬೇಕಂತೆ. ಮೂವತ್ತನೇ ತಾರೀಖು ಅಧಿಕಾರಿ ತಪಾಸಣೆಗೆ ಬರುತ್ತಾರೆ.

ಬೆಳಗಾವಿಗೆ, ಈ ಕ್ಲಿನಿಕ್ ನಡೆಸುವ ಅಭಿಜಿತ ಸರ್‌ಗೆ ಫೋನು ಮಾಡಿದೆ. "ಅಂಜಬ್ಯಾಡ ಮಾಲಾ. ಅವತ್ತ ಮುಂಜಾನೆನ ಬಂದು ಕುಂದರ್ತೀನಿ. ನೀ ರಿಜಿಸ್ಟರ್ ಒಂದು ಚಂದಂಗ ಬರದಿಡು" ಎಂದರು.

ಅವರಿಗೇನು, ದೊಡ್ಡ ಓದು ಓದಿದವರು. ದಿಲ್ಲಿಯ ನೋಂದಣಿ ಪರಿಷತ್ತಿನ ಪಟ್ಟಿಯಲ್ಲಿ ಅವರ ಹೆಸರು ಸ್ವತಂತ್ರವಾಗಿ ಚಿಕಿತ್ಸೆ ಕೊಡಬಹುದಾದವರ ಸಾಲಿನಲ್ಲಿದೆ. ನನ್ನದು ಒಂದು ವರ್ಷದ ಡಿಪ್ಲೊಮಾ. ನನಗೂ ನಂಬರ್ ಇದೆ, ಆದರೆ ಅದು ಸಹಾಯಕಿಯ ನಂಬರ್. ಪರೀಕ್ಷೆ ಮಾಡುವುದು, ತೀರ್ಮಾನ ಬರೆಯುವುದು ಅವರ ಕೆಲಸ. ಅವರು ಹೇಳಿದ ಅಭ್ಯಾಸ ಮಾಡಿಸುವುದು ನನ್ನ ಕೆಲಸ.

ಸಹಾಯಕಿ! ಈ ಮೂರು ವರ್ಷದಲ್ಲಿ ಇಲ್ಲಿ ಮಾತು ಕಲಿತ ಮಕ್ಕಳಲ್ಲಿ ಒಬ್ಬರಿಗಾದರೂ ಸರ್ ಮುಖ ನೆನಪಿದೆಯೇ? ಮೊದಲು ಮಂಗಳವಾರ, ಶುಕ್ರವಾರ ಬೈಲಹೊಂಗಲಕ್ಕೆ ಬರುತ್ತಿದ್ದರು. ಬೆಳಗಾವಿಯಲ್ಲಿ ಇನ್ನೊಂದು ಕ್ಲಿನಿಕ್ ತೆರೆದ ಮೇಲೆ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಬಂದಾಗ ಖಾಲಿ ಲೆಟರ್‌ಹೆಡ್ಡುಗಳ ಕೆಳಗೆ ಸಹಿ ಮಾಡಿ, ಸೀಲಿನ ಸಿಕ್ಕಾ ಹೊಡೆದು ಡ್ರಾದಲ್ಲಿಟ್ಟು ಹೋಗುತ್ತಾರೆ. ಮೇಲೆ ಬೇಕಾದ್ದನ್ನು ನಾನು ಬರೆಯುತ್ತೇನೆ. ಸಂಜೆ ಎಣಿಸಿದೆ, ಹನ್ನೊಂದು ಉಳಿದಿವೆ.

ಕೆಲಸ ನನ್ನದು, ಹೆಸರು ಅವರದು. ಒಂದು ಕಾಗದದ ಸಲುವಾಗಿ ಇಷ್ಟೆಲ್ಲ.

ಜೂನ್ 12, ಗುರುವಾರ

ಇಂದು ಸಿರಸಂಗಿಯಿಂದ ಗಂಡ ಹೆಂಡತಿ ಬಂದಿದ್ದರು, ಯಮನಪ್ಪ ಮತ್ತು ಶಟ್ಟೆವ್ವ. ಎರಡು ಬಸ್ಸು ಬದಲಿಸಿ, ಯರಗಟ್ಟಿಯಲ್ಲಿ ಒಂದು ತಾಸು ಕಾದು, ಇಲ್ಲಿ ಮುಟ್ಟುವಾಗ ಹನ್ನೆರಡಾಗಿತ್ತು. ಯಮನಪ್ಪನವರಿಗೆ ಐವತ್ತೆಂಟು ವರ್ಷ. ಎರಡು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಹೊಲದ ಜೊತೆಗೆ ಯರಗಟ್ಟಿಯ ಪೇಟೆಯಲ್ಲಿ ಇಪ್ಪತ್ತು ವರ್ಷ ಕಾಳಿನ ಲಿಲಾವು ಕೂಗಿದವರಂತೆ.

"ಇವರು ಕೂಗಿದ್ರ ಬಸ್ ಸ್ಟ್ಯಾಂಡಿನ ತನಾ ಕೇಳತಿತ್ರಿ" ಎಂದರು ಶಟ್ಟೆವ್ವ. ಯಮನಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಎಲ್ಲ ತಿಳಿಯುತ್ತದೆ ಅವರಿಗೆ. ಬಾಯಿ ತೆರೆದರೆ ಮಾತ್ರ "ತ... ತ..." ಅಷ್ಟೇ.

ಅವರು ಬಂದದ್ದು ಮಾತಿಗಲ್ಲ. ದವಾಖಾನೆಯಲ್ಲಿ ಮೂಗಿನ ನಳಿ ತೆಗೆದು ಕಳಿಸುವಾಗ ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಗಟ್ಟಿ ಗಂಜಿ ಮಾತ್ರ ಕೊಡಬೇಕು, ನೀರು, ಚಹಾ ಕೊಡುವ ಮೊದಲು ಸ್ಪೀಚ್ ಥೆರಪಿಸ್ಟರಿಗೆ ತೋರಿಸಬೇಕು.

"ಅಕ್ಕಾರ, ಬ್ಯಾಸಗಿ ಹೋತು, ಒಂದು ಗುಟುಕು ನೀರು ಕೊಟ್ಟಿಲ್ರಿ. ಕೊಡ ನೋಡಿದ್ರ ಕಣ್ಣಾಗ ನೀರ ತರತಾರ. ಕುಡಸಬಹುದೇನ್ರಿ?"

ನೆಟ್ಟಗೆ ಕೂರಿಸಿ ಚಮಚದಲ್ಲಿ ನೀರು ಕೊಟ್ಟೆ. ಗಂಟಲು ಮೇಲೆ ಸರಿದು ಇಳಿಯಿತು. ಕೆಮ್ಮಲಿಲ್ಲ. ಎರಡನೇ ಚಮಚ, ಮೂರನೆಯದು. ಕೆಮ್ಮಲಿಲ್ಲ. ಸರ್‌ಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಯಾವಾಗ ಬನ್ನಿ ಎಂದು ಹೇಳಿ ಇವರನ್ನು ತಿರುಗಿ ಕಳಿಸುವುದು? ಸಹಿ ಮಾಡಿದ ಹಾಳೆ ತೆಗೆದು ಬರೆದೆ: 'ಪರೀಕ್ಷಿಸಲಾಗಿದೆ. ತೆಳು ದ್ರವ ಕೊಡಬಹುದು.'

ಶಟ್ಟೆವ್ವ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. ಹೊರಗೆ ಕಟ್ಟೆಯ ಮೇಲೆ ಕುಳಿತು ಅಲ್ಲೇ ಗಂಡನಿಗೆ ನೀರು ಕುಡಿಸಿದರು. ಯಮನಪ್ಪನವರ ಮುಖ ನೋಡಬೇಕಿತ್ತು. ಸಂಜೆ ಸಂಪಗಾಂವದ ಬಸ್ಸಿನಲ್ಲಿ ಮನೆಗೆ ಬರುವಾಗಲೂ ಅದೇ ಕಣ್ಣ ಮುಂದಿತ್ತು. ಇಂಥ ದಿನಗಳಿಗಾಗಿಯೇ ಈ ಕೆಲಸ ಬಿಡಲು ಮನಸ್ಸಾಗುವುದಿಲ್ಲ.

ಜೂನ್ 16, ಸೋಮವಾರ

ನಾಲ್ಕು ವರ್ಷದ ಐಶ್ವರ್ಯಾ ಇಂದು ಚೆಂಡು ತೋರಿಸಿ "ಕೊಡು" ಎಂದಳು. ಎಂಟು ತಿಂಗಳ ದುಡಿಮೆ. ಅವರವ್ವ ಅತ್ತೇಬಿಟ್ಟಳು. ಯಾವ ಅಧಿಕಾರಿಯಾದರೂ ಬರಲಿ, ಈ ಹುಡುಗಿಯನ್ನೇ ಮುಂದೆ ನಿಲ್ಲಿಸುತ್ತೇನೆ.

ಜೂನ್ 19, ಗುರುವಾರ

ಮಧ್ಯಾಹ್ನ ಶಟ್ಟೆವ್ವನ ಫೋನು. ಮೂರು ದಿನದಿಂದ ಜ್ವರ. ಎದೆ ಗೊರಗೊರ ಎನ್ನುತ್ತದೆ. ಸವದತ್ತಿಯ ದವಾಖಾನೆಯಲ್ಲಿದ್ದಾರೆ. ಆಕ್ಸಿಜನ್ ಹಚ್ಚಿದ್ದಾರೆ.

"ನೀರು ಎದಿಯಾಗ ಇಳದೈತಿ ಅನ್ನಾಕತ್ತಾರ್ರಿ ಡಾಕ್ಟರು. ಅದ ಹೆಂಗ ಇಳಿತೈತ್ರಿ ಅಕ್ಕಾರ?"

ನಾನೇನು ಹೇಳಿದೆನೋ ನೆನಪಿಲ್ಲ.

ಜೂನ್ 20, ಶುಕ್ರವಾರ

ಸವದತ್ತಿಗೆ ಹೋಗಿ ಬಂದೆ. ಸರ್‌ಗೆ ಹೇಳಲಿಲ್ಲ.

ಯಮನಪ್ಪ ಕಣ್ಣು ಮುಚ್ಚಿದ್ದರು. ಉಸಿರು ಎಳೆದಾಗೊಮ್ಮೆ ಕೊರಳಿನ ಕೆಳಗಿನ ಗುಂಡಿ ಒಳಗೆ ಹೋಗುತ್ತಿತ್ತು. ಮತ್ತೆ ಮೂಗಿಗೆ ನಳಿ. ನಾಳೆ ಬೆಳಗಾವಿಗೆ ಒಯ್ಯುತ್ತಾರಂತೆ.

ಶಟ್ಟೆವ್ವ ಅಳುತ್ತ ನನ್ನ ಕೈ ಹಿಡಿದುಕೊಂಡು ವರಾಂಡಕ್ಕೆ ಕರೆತಂದರು. "ನೀವು ಚಮಚಾದಾಗ ಕೊಟ್ಟಿದ್ರಿ. ನಾ ವಾಟಗಾದಾಗ, ಬಟ್ಟಲ ತುಂಬ ಕೊಟ್ಟೇನ್ರಿ. ಪಾಪ ಎಷ್ಟ ದಿನಾ ಆತು ಅಂತ ಜಾಸ್ತಿ ಕುಡಿಸಿದೆ. ನನ್ನ ಕೈಯಾಗಿಂದ ಆತ್ರಿ ಇದು."

ಅಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ನರ್ಸ್ ಕರೆದಳು, ಅವರು ಒಳಗೆ ಓಡಿದರು. ನಾನು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ.

ಜೂನ್ 21, ಶನಿವಾರ

ಸರ್ ಇಂದು ಹೇಳದೆ ಕೇಳದೆ ಬಂದರು. ಸವದತ್ತಿಯ ಡಾಕ್ಟರು ಹಾಳೆಯ ಮೇಲಿನ ನಂಬರಿಗೆ ಫೋನು ಮಾಡಿ ಕೇಳಿದ್ದಾರೆ, ನೀವೇ ನೋಡಿದಿರಾ ಎಂದು. ಸರ್ ಹೌದೆಂದು ಹೇಳಿಬಿಟ್ಟಿದ್ದಾರೆ.

"ಮತ್ತೇನ ಹೇಳಬೇಕಿತ್ತು? ನನ್ನ ಸಹಿ ಅದ, ನಾ ನೋಡೇ ಇಲ್ಲ ಅಂತ ಹೇಳ್ಲಿ?" ಬಾಗಿಲು ಹಾಕಿಕೊಂಡು ನಿಂತೇ ಮಾತಾಡಿದರು. "ನುಂಗೂದರ ಕೇಸಿಗೆ ನೀ ಯಾಕ ಕೈ ಹಾಕಿದಿ?"

"ನಿಮಗ ಎರಡ ಸಲ ಫೋನ್ ಮಾಡೇನ್ರಿ ಸರ್."

"ಎತ್ತಲಿಲ್ಲಂದ್ರ ಬರಿ ಅಂತ ಹೇಳಿದ್ನೇನು?"

ಎರಡು ವರ್ಷ ಹಾಗೆ ಹೇಳಿಯೇ ಹಾಳೆ ಇಟ್ಟು ಹೋಗಿದ್ದರು. ಆದರೆ ಇದೊಂದನ್ನು ಬರಿ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಡಿಪ್ಲೊಮಾದಲ್ಲಿ ನುಂಗುವುದರ ಬಗ್ಗೆ ಕಲಿತದ್ದು ನಾಲ್ಕು ಸಾಲು. ನನಗದು ಗೊತ್ತಿತ್ತು.

ಆಮೇಲೆ ದನಿ ಇಳಿಸಿದರು. "ನೋಡು, ನನ್ನ ನೋಂದಣಿ ಹೋದ್ರ ನಿಂದೂ ಹೋಗ್ತದ. ಹನ್ನೆರಡನೇ ತಾರೀಖು ನಾ ಇಲ್ಲಿದ್ದೆ. ನಾ ನೋಡಿದೆ. ರಿಜಿಸ್ಟರಿನಾಗ ಬರಿ."

ಬರೆದೆ. ಅವರ ಮುಂದೆಯೇ, ಆ ಹಾಳೆ ಬರೆದ ಪೆನ್ನಿನಲ್ಲೇ. ಈ ದಿನಚರಿಯ ವಹಿಯಲ್ಲಾದರೂ ಸುಳ್ಳು ಬರೆಯಬಾರದು, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ. ನಾನೇ ಬರೆದೆ.

ಜೂನ್ 24, ಮಂಗಳವಾರ

ಕ್ಲಿನಿಕ್ ಮುಚ್ಚಿ ಬೆಳಗಾವಿಗೆ ಹೋದೆ. ಯಮನಪ್ಪನವರಿಗೆ ಜ್ವರ ಇಳಿದಿದೆ, ಆಕ್ಸಿಜನ್ ಇನ್ನೂ ತೆಗೆದಿಲ್ಲ. ಅವರನ್ನು ನೋಡುತ್ತಿರುವ ಸ್ಪೀಚ್ ಥೆರಪಿಸ್ಟ್ ಗೌತಮಿ ಎಂಬುವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೊರಳಿನ ಕಾರ್ಡಿನಲ್ಲಿ ಹೆಸರು, ಅದರ ಕೆಳಗೆ ನೋಂದಣಿ ನಂಬರ್. ನಾನು ಬೈಲಹೊಂಗಲದ ಕ್ಲಿನಿಕ್ಕಿನವಳೆಂದು ತಿಳಿದ ಕೂಡಲೆ ತಮ್ಮ ಕೋಣೆಗೆ ಕರೆದೊಯ್ದು ಕಂಪ್ಯೂಟರ್ ತಿರುಗಿಸಿ ತೋರಿಸಿದರು.

ನುಂಗುವಾಗ ತೆಗೆದ, ಚಲಿಸುವ ಎಕ್ಸ್‌ರೇ. ಕಪ್ಪು ಗೆರೆಯೊಂದು ನಾಲಿಗೆಯ ಹಿಂದೆ ಇಳಿದು ಅನ್ನನಾಳಕ್ಕೆ ಹೋಗುತ್ತದೆ. ಅದರಲ್ಲೇ ಸಣ್ಣ ಎಳೆಯೊಂದು ಕವಲೊಡೆದು ಮುಂದಕ್ಕೆ, ಉಸಿರಿನ ದಾರಿಯೊಳಗೆ ಜಾರುತ್ತದೆ. ಯಮನಪ್ಪನವರ ತಲೆ ಮಾತ್ರ ಅಲುಗುವುದಿಲ್ಲ. ಒಂದು ಕೆಮ್ಮಿಲ್ಲ.

"ಲಕ್ವಾ ಆದವರಿಗೆ ಕೆಲವೊಮ್ಮೆ ಅಲ್ಲಿ ಅರಿವೇ ಇರೂದಿಲ್ಲ. ಕೆಮ್ಮು ಬರಲಿಲ್ಲ ಅಂದ್ರ ಎಲ್ಲಾ ಸರಿ ಅದ ಅಂತಲ್ಲ. ಇದು ನಿಮ್ಮ ಸರ್‌ಗೆ ಗೊತ್ತಿರಲೇಬೇಕು. ಅವರು ಖುದ್ದ ನೋಡಿದ್ರೇನು?"

"ಹೂಂ" ಎಂದೆ.

ಅವರು ನನ್ನನ್ನು ನೋಡುತ್ತ ಕುಳಿತರು. ಮತ್ತೊಮ್ಮೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ?

ಹೊರಗೆ ಶಟ್ಟೆವ್ವ ನೆಲದ ಮೇಲೆ ಚೀಲಕ್ಕೆ ಒರಗಿ ಕುಳಿತಿದ್ದರು. ಒಳಗೆ ಹೋಗುವುದಿಲ್ಲವೇ ಎಂದೆ. "ಊಟದ ಹೊತ್ತಿಗೆ ನಾ ಒಳಗ ಹೋಗೂದಿಲ್ರಿ. ನಳಿಯಾಗ ಹಾಕೂದ್ನ ನರ್ಸಬಾಯಾರಿಗೆ ಬಿಟ್ಟೇನಿ. ನನ್ನ ಕೈಲೆ ಒಲ್ಲೆ."

ಜೂನ್ 25

ಇಬ್ಬರು ಮಕ್ಕಳು ಬಂದಿದ್ದರು. ಅಭ್ಯಾಸ ಮಾಡಿಸಿದೆ. ಹೊಸಬರೊಬ್ಬರು ಸರ್ಟಿಫಿಕೇಟು ಬೇಕೆಂದರು. ಸರ್ ಬಂದಾಗ ಬನ್ನಿ ಎಂದೆ. ಇನ್ನೂ ಹತ್ತು ಹಾಳೆ ಡ್ರಾದಲ್ಲೇ ಇವೆ.

ಜೂನ್ 27, ಶುಕ್ರವಾರ

ಸುಚೇತಾ ಅಕ್ಕೋರು ಸಂಜೆ ಕೆಳಗಿಳಿದು ಬಂದರು. ಅವರು ಸರ್‌ನ ಅಕ್ಕ. ಕ್ಲಿನಿಕ್ ಇರುವುದು ಅವರ ಮನೆಯ ಕೆಳಗಿನ ಕೋಣೆಗಳಲ್ಲೇ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು, ಹೊಲದ ಕೆಲಸಕ್ಕೆ ನಿಂತುಬಿಡುತ್ತಿದ್ದ ನನ್ನನ್ನು ಡಿಪ್ಲೊಮಾಕ್ಕೆ ಕಳಿಸಿದವರು. ಅಪ್ಪನನ್ನು ಒಪ್ಪಿಸಲು ಸಂಪಗಾಂವದ ನಮ್ಮ ಮನೆಗೆ ಮೂರು ಸಲ ಬಂದಿದ್ದರು.

"ಅಭಿ ನಿನ್ನೆ ಫೋನಿನಾಗ ಅಳತಿದ್ದ. ಏನಾಗೇದ ನನಗ ಹೇಳು."

ಹೇಳಿದೆ. ಮೊದಲಿನಿಂದ ಎಲ್ಲ. ಡ್ರಾ ಎಳೆದು ಹಾಳೆಗಳನ್ನು ತೋರಿಸಿದೆ. ಅವರು ಮುಟ್ಟಲಿಲ್ಲ. ರಿಜಿಸ್ಟರ್ ಕೇಳಿದರು. ಕನ್ನಡಕ ಏರಿಸಿ ಹನ್ನೆರಡನೇ ತಾರೀಖಿನ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ಆಮ್ಯಾಲೆ ಬರದೀದಿ."

ನಾನು ಡ್ರಾ ಮುಚ್ಚಿದೆ.

"ಅಂಜಿಕೊಂಡು ಬರದಾಗ ನಿನ್ನ ಅಕ್ಷರ ಎಡಕ್ಕ ವಾಲ್ತಾವ. ಹತ್ತನೇತ್ತಾದಾಗ ಪೇಪರ್ ತಿದ್ದುವಾಗ ನೋಡೀನಿ."

ನಾನೇನು ಮಾಡಲಿ ಅಕ್ಕೋರ ಎಂದು ಕೇಳಿದೆ. ಅವರು ರಿಜಿಸ್ಟರ್ ಮುಚ್ಚಿ ನನ್ನ ಕೈಗಿತ್ತರು. "ನನ್ನ ಕೇಳಬ್ಯಾಡ ಮಾಲಾ. ಅಂವ ನನ್ನ ತಮ್ಮ. ನಾ ಕೊಡೋ ಬುದ್ಧಿ ಇವತ್ತ ಚೊಲೋ ಬುದ್ಧಿ ಆಗೂದಿಲ್ಲ" ಎಂದು ಮೆಟ್ಟಿಲು ಹತ್ತಿ ಹೋದರು. ಪ್ರತಿ ಸಂಜೆ ನಾನು ಹೊರಡುವಾಗ ಮೇಲಿನಿಂದ ಹೋಗಿ ಬಾ ಎಂದು ಕೂಗಿ ಹೇಳುವವರು ಇಂದು ಕಿಟಕಿಯನ್ನೂ ತೆರೆಯಲಿಲ್ಲ.

ಜೂನ್ 30, ಸೋಮವಾರ

ಕ್ರಮವಾಗಿ ಬರೆಯಬೇಕು.

ಸರ್ ಒಂಬತ್ತಕ್ಕೇ ಬಂದು ತಮ್ಮ ಕುರ್ಚಿಯಲ್ಲಿ ಕುಳಿತಿದ್ದರು. ನೋಂದಣಿ ಪತ್ರಕ್ಕೆ ಹೊಸ ಕಟ್ಟು ಹಾಕಿಸಿ ತಂದಿದ್ದರು. ನನ್ನದನ್ನೂ ಪಕ್ಕದಲ್ಲಿ ತೂಗುಹಾಕಿದ್ದರು, ಸಣ್ಣ ಕಟ್ಟು. ಹಾಳೆಗಳನ್ನು ಹರಿದು ಒಲೆಗೆ ಹಾಕು ಎಂದು ಶನಿವಾರವೇ ಫೋನಿನಲ್ಲಿ ಹೇಳಿದ್ದರು. ನಾನು ಹಾಕಿರಲಿಲ್ಲ. ಅವು ನನ್ನ ಚೀಲದಲ್ಲಿದ್ದವು. ಯಾಕೆ ಎಂದು ನನಗೇ ಗೊತ್ತಿರಲಿಲ್ಲ.

ಅಧಿಕಾರಿ ಬಸವಲಿಂಗ ಎಂಬುವರು ಹನ್ನೊಂದಕ್ಕೆ ಬಂದರು. ಮೆಲುಮಾತಿನ ಮನುಷ್ಯ. ಪತ್ರ ನೋಡಿದರು, ನಂಬರ್ ಬರೆದುಕೊಂಡರು, ರಿಜಿಸ್ಟರ್ ತಿರುವಿದರು. ಎಲ್ಲ ಮುಗಿಯಿತು ಎನ್ನುವಾಗ ಫೈಲಿನಿಂದ ಝೆರಾಕ್ಸ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಶಟ್ಟೆವ್ವ ನಾಲ್ಕು ಮಡಿಕೆ ಮಾಡಿದ್ದ ಹಾಳೆ. ಮಡಿಕೆಯ ಗೆರೆಗಳೂ ಝೆರಾಕ್ಸಿನಲ್ಲಿ ಬಂದಿದ್ದವು.

"ದವಾಖಾನಿಯಿಂದ ಕಳಿಸ್ಯಾರ್ರಿ. ಇವರನ್ನ ಯಾರು ನೋಡಿದ್ರಿ?"

"ನಾನ ನೋಡೀನಿ" ಎಂದರು ಸರ್. ಒಂದು ಚೂರೂ ತಡೆಯಲಿಲ್ಲ. "ಚಮಚಾದಿಂದ, ನೆಟ್ಟಗ ಕೂಡಿಸಿ, ಸ್ವಲ್ಪ ಸ್ವಲ್ಪ ಕೊಡ್ರಿ ಅಂತ ತಿಳಿಸಿ ಹೇಳೀನಿ. ಹಳ್ಳಿ ಮಂದಿರಿ. ಆ ಹೆಣ್ಣಮಗಳು ಹೇಳಿದ್ದು ಕೇಳಿಲ್ಲ, ವಾಟಗಾದಾಗ ಕುಡಿಸ್ಯಾಳ."

ವಾಟಗಾದ ಮಾತನ್ನು ಸರ್‌ಗೆ ಹೇಳಿದವಳು ನಾನೇ. ಬಸವಲಿಂಗ ಅವರು ತಲೆ ತಗ್ಗಿಸಿ ಬರೆಯತೊಡಗಿದರು. ನಾನು ಎದುರಿಗೇ ನಿಂತಿದ್ದೆ, ತಲೆಕೆಳಗಾಗಿ ಓದಬಹುದಿತ್ತು. 'ಮನೆಯವರ ನಿರ್ಲಕ್ಷ್ಯ' ಎಂದು ಬರೆದರು.

"ಅಲ್ರಿ" ಎಂದೆ.

ಇಬ್ಬರೂ ನನ್ನತ್ತ ನೋಡಿದರು.

"ಅವರ ತಪ್ಪು ಏನೂ ಇಲ್ರಿ. ಚಮಚಾ ಅಂತ ಯಾರೂ ಹೇಳಿಲ್ಲ. ಸರ್ ಅವತ್ತ ಇಲ್ಲಿ ಇರಲಿಲ್ಲ. ನಾ ನೋಡೇನಿ, ನಾ ಬರದೇನಿ. ರಿಜಿಸ್ಟರಿನಾಗಿನ ಸಾಲೂ ಆಮ್ಯಾಲೆ ನಾನ ಬರದದ್ದು."

ಚೀಲದಿಂದ ಹತ್ತು ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಕೆಳಗೆ ಸಹಿ, ಮೇಲೆಲ್ಲ ಖಾಲಿ. ಬಸವಲಿಂಗ ಅವರು ಒಂದೊಂದೇ ಮಗುಚಿ ನೋಡಿದರು. ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡರು.

"ಇದರಾಗ ನಿಮ್ಮ ಹೆಸರೂ ಬರತೈತಿ. ಗೊತ್ತೈತಲ್ಲವಾ?"

"ಗೊತ್ತೈತ್ರಿ."

ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನಿನಗ ಕೆಲಸ ಕೊಟ್ಟವ ನಾನು" ಎಂದರು ಅಷ್ಟೇ, ಬಹಳ ಸಣ್ಣ ದನಿಯಲ್ಲಿ. ಹೌದು, ಕೊಟ್ಟವರು ಅವರೇ. ಮೊದಲ ವರ್ಷ ಪ್ರತಿ ಮಗುವಿನ ಹತ್ತಿರ ನನ್ನನ್ನು ಕೂರಿಸಿಕೊಂಡು ಕಲಿಸಿದ್ದೂ ಅವರೇ. ಅದನ್ನು ನಾನು ಮರೆಯಲಾರೆ.

ಜುಲೈ 3

ಕ್ಲಿನಿಕ್ಕಿಗೆ ಬೀಗ. ಸರ್‌ಗೂ ನನಗೂ ನೋಟಿಸು ಬಂದಿದೆ. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಅವ್ವ ನನ್ನನ್ನು ರೊಟ್ಟಿ ಬಡಿಯಲು ಕೂರಿಸಿದಳು. ಐಶ್ವರ್ಯಾಳ ಅವ್ವ ಎರಡು ಸಲ ಫೋನು ಮಾಡಿದ್ದಾಳೆ. ಎತ್ತಲಿಲ್ಲ.

ಜುಲೈ 4

ಎತ್ತಿದೆ. ನಾನು ಮಾಡಬಾರದ ಕೆಲಸ ಮಾಡಿದ್ದೇನೆ ಎಂದು ಹೇಳಿದೆ. ಗೌತಮಿಯವರ ವಿಳಾಸ ಕೊಟ್ಟೆ.

ಜುಲೈ 13, ರವಿವಾರ

ಯಮನಪ್ಪನವರನ್ನು ಮನೆಗೆ ಕಳಿಸಿ ನಾಲ್ಕು ದಿನವಾಗಿದೆ ಎಂದು ತಿಳಿದು ಸಿರಸಂಗಿಗೆ ಹೋದೆ. ಪಡಸಾಲೆಯಲ್ಲಿ ಮಂಚದ ಮೇಲೆ ದಿಂಬು ಒರಗಿಸಿ ಕೂರಿಸಿದ್ದರು. ಸೊರಗಿದ್ದಾರೆ. ಮೂಗಿನಲ್ಲಿ ನಳಿ. ನನ್ನನ್ನು ಗುರುತು ಹಿಡಿದು ಎಡಗೈ ಎತ್ತಿದರು.

ಶಟ್ಟೆವ್ವ ಚಹಾಕ್ಕೆ ಇಟ್ಟರು. ಬೇಡ, ಮೊದಲು ಕುಳಿತುಕೊಳ್ಳಿ ಎಂದೆ. ಬಸ್ಸಿನಲ್ಲಿ ಎಷ್ಟು ಸಲ ಜೋಡಿಸಿಕೊಂಡಿದ್ದೆನೋ, ಬಾಯಿಗೆ ಬಂದದ್ದು ಇಷ್ಟೇ: "ನೀರು ಕೊಡಬಹುದು ಅಂತ ಹೇಳೂ ಅಧಿಕಾರ ನನಗಿರಲಿಲ್ರಿ. ಗೊತ್ತೂ ಇರಲಿಲ್ಲ. ಸರ್ ನಿಮ್ಮ ಯಜಮಾನರನ್ನ ನೋಡೇ ಇಲ್ಲ. ಸಹಿ ಮೊದಲ ಮಾಡಿಟ್ಟಿದ್ರು. ನೀವು ವಾಟಗಾದಾಗ ಕೊಟ್ಟಿದ್ದಕ್ಕ ಆಗಿದ್ದಲ್ಲ ಇದು. ನನ್ನಿಂದ ಆಗೈತಿ."

ಒಲೆಯ ಮೇಲೆ ಚಹಾ ಉಕ್ಕಿತು, ಅವರು ಏಳಲಿಲ್ಲ.

"ಸವದತ್ತಿಗೆ ಬಂದಾಗ ಗೊತ್ತಿತ್ತೇನು ನಿಮಗ?"

"ಗೊತ್ತಿತ್ರಿ."

"ಬೆಳಗಾವಿಗೆ ಬಂದಾಗ?"

"ಗೊತ್ತಿತ್ರಿ."

"ಇಪ್ಪತ್ತ ಮೂರ ದಿನಾ ನಾ ಅವರಿಗೆ ಊಟಾ ಮಾಡಸಿಲ್ಲ." ದನಿ ಏರಲಿಲ್ಲ. "ಲಗ್ನಾಗಿ ಮೂವತ್ತೈದ ವರ್ಷಕ್ಕ ಹಿಂಗಾಗಿದ್ದಿಲ್ಲ. ಈಗೂ ನಾದಿನಿ ಬಂದು ನಳಿಯಾಗ ಹಾಕತಾಳ. ನಾ ಈ ಕೈಲೆ ಮುಟ್ಟಿಲ್ಲ. ತಪ್ಪು ಮಾಡಿದ್ರಿ, ಅದ ಬ್ಯಾರೆ. ಮನಷ್ಯಾ ತಪ್ಪತಾನ. ಆದ್ರ ನಾ ಅಳೂದನ್ನ ನೋಡಿ ಹೋದ್ರೆಲಾ ಅಕ್ಕಾರ."

ಮಂಚದಿಂದ ಯಮನಪ್ಪ ಏನೋ ಹೇಳಲು ಬಾಯಿ ತೆರೆದರು. ಹೆಂಡತಿಗೋ, ನನಗೋ. ಬರಲಿಲ್ಲ.

"ನಾಕರ ಬಸ್ಸಿಗೆ ಹೋಗ್ರಿ" ಎಂದರು ಶಟ್ಟೆವ್ವ. ನಾನು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದಾಗ ಅವರು ಎದ್ದು ಕೈ ತೊಳೆಯುವ ಸಪ್ಪಳ ಕೇಳಿತು. ನಾದಿನಿಯ ಹೆಸರು ಹಿಡಿದು ಕೂಗಿದರು, ಇಂದು ನೀನು ಬರಬೇಡ, ನಾನೇ ಹಾಕುತ್ತೇನೆ ಎಂದು.

ಜುಲೈ 29, ಮಂಗಳವಾರ

ವಿಚಾರಣೆ ಆಯಿತು. ಸರ್ ಮೇಲಿನ ದೂರು ದಿಲ್ಲಿಯ ಪರಿಷತ್ತಿಗೆ ಹೋಗಿದೆ. ನನಗೆ ಎಚ್ಚರಿಕೆ ಕೊಟ್ಟು, ಅರ್ಹರಾದವರು ಅದೇ ಕೋಣೆಯಲ್ಲಿರುವಾಗ ಮಾತ್ರ ಕೆಲಸ ಮಾಡಬೇಕು ಎಂದು ಬರೆದಿದ್ದಾರೆ. ಅದೇನೂ ಹೊಸದಲ್ಲ, ನನ್ನ ನೋಂದಣಿ ಪತ್ರದಲ್ಲೂ ಮೊದಲಿನಿಂದ ಅದೇ ಇತ್ತು. ಸುಚೇತಾ ಅಕ್ಕೋರು ಬಾಗಿಲ ಹೊರಗೆ ತಮ್ಮನ ಪಕ್ಕ ಕುಳಿತಿದ್ದರು. ಹಾದುಹೋಗುವಾಗ ನಮಸ್ಕರಿಸಿದೆ. ತಲೆಯಾಡಿಸಿದರು.

ಗೌತಮಿಯವರಿಗೆ ಎಲ್ಲವನ್ನೂ ಬರೆದು ಕಳಿಸಿದ್ದೆ, ಆ ದಿನ ಹೂಂ ಎಂದದ್ದು ಸುಳ್ಳು ಎಂಬುದನ್ನೂ. ಸಂಜೆ ಫೋನು ಬಂತು. "ಅದು ನನಗ ಅವತ್ತ ತಿಳದದ. ನನ್ನ ಹತ್ರ ಸಹಾಯಕಿ ಜಾಗಾ ಒಂದು ಖಾಲಿ ಅದ. ಆರು ತಿಂಗಳ ನೋಡ್ತೀನಿ. ಒಂದ ಸಲ ಸುಳ್ಳು ಹೇಳಿದ್ರ ಮುಗೀತು."

ಆಗಸ್ಟ್ 21, ಗುರುವಾರ

ನಾನು ಗೌತಮಿ ಮೇಡಂ ಹತ್ತಿರ ಕೆಲಸಕ್ಕೆ ಸೇರಿದ ಮೇಲೆ ಇಂದು ಮೊದಲ ಸಲ ಯಮನಪ್ಪನವರ ತಪಾಸಣೆ ಇತ್ತು. ಬೆಳಿಗ್ಗೆ ಪಟ್ಟಿಯಲ್ಲಿ ಹೆಸರು ನೋಡಿ, ನಾನು ಪಕ್ಕದ ಕೋಣೆಯಲ್ಲಿರಲೇ ಎಂದು ಕೇಳಿದೆ. "ಯಾಕ? ಕೆಲಸ ಇಲ್ಲೇ ಅದ" ಎಂದರು ಗೌತಮಿ ಮೇಡಂ.

ಮೊದಲು ಅವರೇ ಎಕ್ಸ್‌ರೇ ಪರೀಕ್ಷೆ ಮಾಡಿದರು. ಗದ್ದವನ್ನು ಎದೆಗೆ ತಾಗಿಸಿ ನುಂಗಿದರೆ ಎಳೆ ಈಗ ಉಸಿರಿನ ದಾರಿಗೆ ಜಾರುವುದಿಲ್ಲ. ಮೂಗಿನ ನಳಿ ತೆಗೆದರು. ಹೇಗೆ ಕೂರಿಸಬೇಕು, ಎಷ್ಟು ಗಟ್ಟಿ, ಎಷ್ಟು ಚಮಚ, ಯಾವಾಗ ನಿಲ್ಲಿಸಬೇಕು ಎಂದು ಬರೆದು, ಕೆಳಗೆ ಸಹಿ ಮಾಡಿ, ನನ್ನ ಕೈಗೆ ಕೊಟ್ಟರು. ಅದನ್ನು ಎರಡು ಸಲ ಓದಿದೆ. ಒಂದು ಕಡೆ ತಿಳಿಯಲಿಲ್ಲ, ಕೇಳಿದೆ. ಹೇಳಿದರು.

ಅಷ್ಟರಲ್ಲಿ ಶಟ್ಟೆವ್ವ ಒಳಗೆ ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ಮಾತಾಡಿದ್ದು ಮೇಡಂ ಜೊತೆ.

"ಇವರು ಮಾಡಸ್ತಾರೇನ್ರಿ?"

"ಆಕಿ ಮಾಡಸ್ತಾಳ. ನಾ ಇಲ್ಲೇ ಕುಂತಿರ್ತೀನಿ, ಮುಗಿಯೂ ತನಕ."

ಶಟ್ಟೆವ್ವ ಗಂಡನನ್ನು ನೋಡಿದರು. ಯಮನಪ್ಪ ಚಮಚವನ್ನೇ ನೋಡುತ್ತಿದ್ದರು. ಶಟ್ಟೆವ್ವ ಗೋಡೆಯ ಬದಿಯ ಸ್ಟೂಲನ್ನು ಎಳೆದು ತಂದು, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಹಾಕಿ, ಸೆರಗು ಸೊಂಟಕ್ಕೆ ಸಿಗಿಸಿ ಕುಳಿತರು.

"ಹಂಗಾರ ನಾನೂ ಇಲ್ಲೇ ಕುಂದರತೇನಿ" ಎಂದರು. "ಹೂಂ. ಕೊಡ್ರಿ, ನೋಡೋಣು."